ಗಾರ್ವೆ, ಐದು ಡಾಲರ್ ಷೇರು, ಕಪ್ಪು ಹಡಗು: ಪದೇ ಪದೇ ಕೇಳುವ ಪ್ರಶ್ನೆಗಳು

ಮಾರ್ಕಸ್ ಗಾರ್ವೆ ಬಗ್ಗೆ ಎಲ್ಲಿ ಮಾತಾಡಿದರೂ, ಏನು ಬರೆದರೂ, ಸುತ್ತಿ ಬಳಸಿ ಅವೇ ಪ್ರಶ್ನೆಗಳು ಬರುತ್ತವೆ. ಕೆಲವು ಪತ್ರದಲ್ಲಿ, ಕೆಲವು ಕಾಮೆಂಟಿನಲ್ಲಿ, ಕೆಲವು ಮಾತು ಮುಗಿದು ಕಾಫಿ ಕುಡಿಯುವಾಗ. ಪ್ರತಿ ಸಲ ಹೊಸದಾಗಿ ಉತ್ತರ ಬರೆದು ಸಾಕಾಗಿ ಎಲ್ಲವನ್ನೂ ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ. ವಿಷಯ ಹೊಸದಾದರೆ ಮೇಲಿನಿಂದ ಓದಿ. ಅಲ್ಪಸ್ವಲ್ಪ ಗೊತ್ತಿದ್ದರೆ ಸೀದಾ ಹಡಗಿನ ಭಾಗಕ್ಕೆ ಹೋಗಿ.

## ಮೊದಲ ಪರಿಚಯ

ಈ ಗಾರ್ವೆ ಯಾರು? ನಾನು ಹೆಸರೇ ಕೇಳಿಲ್ಲ

ಜಮೈಕಾದವರು. 1887ರ ಆಗಸ್ಟ್ 17ರಂದು ಸೇಂಟ್ ಆನ್ಸ್ ಬೇ ಎಂಬ ಕಡಲತೀರದ ಊರಿನಲ್ಲಿ ಹುಟ್ಟಿದರು. ತಂದೆ ಕಲ್ಲುಕೆಲಸದ ಮೇಸ್ತ್ರಿ. ಹುಡುಗ ಹದಿನಾಲ್ಕರ ಸುಮಾರಿಗೆ ಅಚ್ಚುಕೂಟಕ್ಕೆ ಸೇರಿ ಅಚ್ಚಿನ ಮೊಳೆ ಜೋಡಿಸುವುದನ್ನು ಕಲಿತ. ಆಮೇಲೆ ರಾಜಧಾನಿ ಕಿಂಗ್‌ಸ್ಟನ್‌ಗೆ ಹೋಗಿ 1908-09ರ ಮುದ್ರಣ ಕಾರ್ಮಿಕರ ಮುಷ್ಕರದಲ್ಲಿ ಮುಂದೆ ನಿಂತು ಕೆಲಸ ಕಳೆದುಕೊಂಡ. ಅಲ್ಲಿಂದ ಕೋಸ್ಟರಿಕಾಗೆ ಹೋಗಿ ಬಾಳೆ ತೋಟದಲ್ಲಿ ಕೂಲಿಗಳ ಹಾಜರಿ ಬರೆಯುವ ಕೆಲಸ ಹಿಡಿದ. ಪನಾಮ ನೋಡಿದ. 1912ರಲ್ಲಿ ಲಂಡನ್ ಸೇರಿ ದ್ಯೂಸ್ ಮೊಹಮ್ಮದ್ ಅಲಿ ಎಂಬ ಸಂಪಾದಕರ ಪತ್ರಿಕೆಯಲ್ಲಿ ದುಡಿದ. ಹೋದ ಕಡೆಯೆಲ್ಲ ಕಂಡದ್ದು ಒಂದೇ. ಕೂಲಿ ಕಪ್ಪು ಜನರದ್ದು, ಕಂಪನಿ ಬೇರೆಯವರದ್ದು.

1914ರ ಜುಲೈನಲ್ಲಿ ಊರಿಗೆ ಮರಳಿದ ಕೆಲವೇ ದಿನಗಳಲ್ಲಿ, ಏಮಿ ಆಶ್‌ವುಡ್ ಜೊತೆ ಸೇರಿ ಯೂನಿವರ್ಸಲ್ ನೀಗ್ರೋ ಇಂಪ್ರೂವ್‌ಮೆಂಟ್ ಅಸೋಸಿಯೇಷನ್ ಶುರು ಮಾಡಿದರು. ಹೆಸರು ಉದ್ದ, ಇಲ್ಲಿಂದ ಮುಂದೆ 'ಸಂಘ' ಎನ್ನುತ್ತೇನೆ. 1916ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ಗೆ ಬಂದರು. ನಾಲ್ಕೈದು ವರ್ಷದೊಳಗೆ ಅದು ಕಪ್ಪು ಜನರು ಕಟ್ಟಿದ ಸಂಘಟನೆಗಳಲ್ಲೇ ಜಗತ್ತಿನ ಅತಿ ದೊಡ್ಡದಾಯಿತು.

ಬ್ಲ್ಯಾಕ್ ನ್ಯಾಶನಲಿಸಂ, ಪ್ಯಾನ್-ಆಫ್ರಿಕನಿಸಂ ಎರಡೂ ಒಂದೇನಾ?

ಅಕ್ಕತಂಗಿಯರು ಅನ್ನಬಹುದು. ಮೊದಲನೆಯದು ಹೇಳುವುದು: ಕಪ್ಪು ಜನ ಒಂದು ರಾಷ್ಟ್ರದ ಹಾಗೆ ತಮ್ಮ ಅಂಗಡಿ, ಬ್ಯಾಂಕು, ಶಾಲೆ, ನಾಯಕರನ್ನು ತಾವೇ ಕಟ್ಟಿಕೊಳ್ಳಬೇಕು. ಎರಡನೆಯದು ಹೇಳುವುದು: ಆಫ್ರಿಕಾದಲ್ಲಿ ಇರುವವರು, ಗುಲಾಮಗಿರಿಯಿಂದ ಅಮೆರಿಕ, ಕೆರಿಬಿಯನ್ ದ್ವೀಪಗಳಿಗೆ ಚದುರಿಹೋದವರು, ಎಲ್ಲರ ಹಣೆಬರಹವೂ ಒಂದಕ್ಕೊಂದು ಗಂಟು ಬಿದ್ದಿದೆ. ಒಂದನ್ನು ಒಪ್ಪಿ ಇನ್ನೊಂದನ್ನು ಬಿಟ್ಟವರೂ ಇದ್ದರು. ಗಾರ್ವೆ ಎರಡನ್ನೂ ಒಂದೇ ಮೂಟೆಗೆ ಕಟ್ಟಿದರು.

'ನೀಗ್ರೋ' ಅನ್ನೋದು ಬೈಗುಳ ಅಲ್ವಾ? ಸಂಘದ ಹೆಸರಲ್ಲೇ ಯಾಕಿದೆ?

ಇವತ್ತು ಯಾರನ್ನೂ ಹಾಗೆ ಕರೆಯಬಾರದು. ಆದರೆ ನೂರು ವರ್ಷದ ಹಿಂದೆ ಅದು ಮರ್ಯಾದೆಯ ಪದ, ಬೈಗುಳಕ್ಕೆ ಬೇರೆ ಪದಗಳಿದ್ದವು. ಆಗಿನ ಜಗಳ ಇದ್ದದ್ದು ಅಕ್ಷರದ ಮೇಲೆ. ಇಂಗ್ಲಿಷ್ ಪತ್ರಿಕೆಗಳು ಆ ಪದವನ್ನು ಸಣ್ಣ 'ಎನ್' ಹಾಕಿ ಅಚ್ಚು ಮಾಡುತ್ತಿದ್ದವು. ಬೇರೆ ಜನಾಂಗಗಳ ಹೆಸರಿಗೆ ದೊಡ್ಡ ಅಕ್ಷರ, ಇವರಿಗೆ ಮಾತ್ರ ಸಣ್ಣದು. 1920ರ ಸಂಘದ ಹಕ್ಕುಗಳ ಘೋಷಣೆಯಲ್ಲಿ 'ದೊಡ್ಡ ಎನ್ ಬರೆಯಿರಿ' ಎಂಬುದೂ ಒಂದು ಬೇಡಿಕೆ. ನ್ಯೂಯಾರ್ಕ್ ಟೈಮ್ಸ್ ಹಾಗೆ ಬರೆಯಲು ಒಪ್ಪಿದ್ದು 1930ರಲ್ಲಿ. ಕನ್ನಡದಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಇಲ್ಲದ ಕಾರಣ ನಮಗೆ ಈ ನೋವು ಬೇಗ ತಟ್ಟುವುದಿಲ್ಲ. ಏಕವಚನ, ಬಹುವಚನದ ಜಗಳ ನೆನಪಿಸಿಕೊಂಡರೆ ತಟ್ಟಬಹುದು.

ಗಾರ್ವೆಗಿಂತ ಮುಂಚೆ ಯಾರೂ ಹೀಗೆ ಯೋಚಿಸಿರಲಿಲ್ವಾ?

ತುಂಬಾ ಜನ. ಪಾಲ್ ಕಫಿ ಎಂಬ ಕಪ್ಪು ಹಡಗು ಮಾಲೀಕರು 1815-16ರಲ್ಲೇ ತಮ್ಮ ಹಡಗಿನಲ್ಲಿ 38 ಜನರನ್ನು ಸಿಯೆರಾ ಲಿಯೋನ್‌ಗೆ ಕರೆದುಕೊಂಡು ಹೋಗಿದ್ದರು. ಮಾರ್ಟಿನ್ ಡೆಲನಿ, ಎಡ್ವರ್ಡ್ ಬ್ಲೈಡನ್, ಬಿಷಪ್ ಹೆನ್ರಿ ಟರ್ನರ್ 19ನೇ ಶತಮಾನದಲ್ಲಿ ಆಫ್ರಿಕಾ ಕಡೆ ಮುಖ ಮಾಡಿ ಎಂದು ಬರೆದರು, ಭಾಷಣ ಮಾಡಿದರು. ಟ್ರಿನಿಡಾಡ್‌ನ ವಕೀಲ ಹೆನ್ರಿ ಸಿಲ್ವೆಸ್ಟರ್ ವಿಲಿಯಮ್ಸ್ 1900ರಲ್ಲಿ ಲಂಡನ್‌ನಲ್ಲಿ ಮೊದಲ ಪ್ಯಾನ್-ಆಫ್ರಿಕನ್ ಸಮ್ಮೇಳನ ಕರೆದರು.

ದುಡ್ಡಿನ ಕಡೆಯ ಸ್ವಾವಲಂಬನೆಗೂ ಹಿರಿಯರಿದ್ದರು. ಬೂಕರ್ ಟಿ. ವಾಷಿಂಗ್ಟನ್ 1900ರಲ್ಲಿ ಕಪ್ಪು ವ್ಯಾಪಾರಿಗಳ ಸಂಘ ಕಟ್ಟಿದರು. ಅವರ ಆತ್ಮಕಥೆ ಓದಿಯೇ ಗಾರ್ವೆಗೆ ಹುಮ್ಮಸ್ಸು ಬಂದದ್ದು. 1903ರಲ್ಲಿ ರಿಚ್ಮಂಡ್‌ನಲ್ಲಿ ಮ್ಯಾಗಿ ಲೀನಾ ವಾಕರ್ ಎಂಬಾಕೆ ಒಂದು ಉಳಿತಾಯ ಬ್ಯಾಂಕ್ ತೆರೆದರು. ತಾಯಿ ಬಟ್ಟೆ ಒಗೆದು ಸಂಸಾರ ನಡೆಸಿದವರು, ಮಗಳು ಬ್ಯಾಂಕಿನ ಅಧ್ಯಕ್ಷೆ. ವೈಯಕ್ತಿಕವಾಗಿ ನನಗೆ ಗಾರ್ವೆಗಿಂತ ಈಕೆಯ ಲೆಕ್ಕಪತ್ರದ ಮೇಲೆ ಗೌರವ ಜಾಸ್ತಿ.

ಆಗಲೇ ಯಾಕೆ ಅಷ್ಟೊಂದು ಜನ ಅವರ ಹಿಂದೆ ಹೋದರು?

ಯುದ್ಧ. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿ ಮೂರೂವರೆ ಲಕ್ಷಕ್ಕೂ ಹೆಚ್ಚು ಕಪ್ಪು ಜನ ಇದ್ದರು. 'ಪ್ರಜಾಪ್ರಭುತ್ವಕ್ಕಾಗಿ ಹೋರಾಟ' ಎಂದು ಹೇಳಿ ಕಳಿಸಿದ್ದರು. ವಾಪಸ್ ಬಂದಾಗ ಬಸ್ಸು, ಹೋಟೆಲು, ಮತದ ಪೆಟ್ಟಿಗೆ ಎಲ್ಲ ಕಡೆ ಹಳೆಯ ಬಾಗಿಲೇ ಮುಚ್ಚಿತ್ತು. 1917ರ ಜುಲೈನಲ್ಲಿ ಈಸ್ಟ್ ಸೇಂಟ್ ಲೂಯಿಸ್‌ನಲ್ಲಿ ಬಿಳಿಯರ ಗುಂಪುಗಳು ಕಪ್ಪು ಜನರನ್ನು ಕೊಂದು ಮನೆಗಳಿಗೆ ಬೆಂಕಿ ಇಟ್ಟವು. 1919ರ ಬೇಸಿಗೆಯಲ್ಲಿ ಶಿಕಾಗೋ, ವಾಷಿಂಗ್ಟನ್ ಸೇರಿ ಊರೂರಲ್ಲಿ ಅದೇ ಕಥೆ. ಆ ಬೇಸಿಗೆಗೆ 'ಕೆಂಪು ಬೇಸಿಗೆ' ಎಂದೇ ಹೆಸರು.

ಇದೇ ಹೊತ್ತಿಗೆ ದಕ್ಷಿಣದ ಹತ್ತಿ ಹೊಲ ಬಿಟ್ಟು ಲಕ್ಷಾಂತರ ಜನ ಉತ್ತರದ ಕಾರ್ಖಾನೆಗಳಿಗೆ ಬಂದಿದ್ದರು. ಕೈಯಲ್ಲಿ ಮೊದಲ ಬಾರಿಗೆ ವಾರದ ಸಂಬಳ. ಎದೆಯಲ್ಲಿ ಸಿಟ್ಟು. ಅಂಥ ಹೊತ್ತಲ್ಲಿ ನ್ಯೂಯಾರ್ಕ್‌ನ ಕಪ್ಪು ಜನರ ಬಡಾವಣೆ ಹಾರ್ಲೆಮ್‌ನ ಬೀದಿ ಮೂಲೆಯಲ್ಲಿ ಒಬ್ಬ ಗಿಡ್ಡ, ದಪ್ಪ ಮನುಷ್ಯ ಏಣಿ ಹತ್ತಿ ನಿಂತು 'ಯಾರನ್ನೂ ಬೇಡಬೇಡಿ, ನೀವೇ ಕಟ್ಟಿ' ಎಂದು ಕೂಗಿದರೆ ಜನ ನಿಲ್ಲದೆ ಇರುತ್ತಾರಾ?

## ಸಂಘ, ಪತ್ರಿಕೆ, ಬಾವುಟ

ಸದಸ್ಯ ಆದರೆ ಏನು ಸಿಗುತ್ತಿತ್ತು? ಸುಮ್ನೆ ಭಾಷಣ ಕೇಳೋದಾ?

ತಿಂಗಳಿಗೆ 35 ಸೆಂಟ್ ವಂತಿಗೆ. ಅದರಲ್ಲಿ 25 ಸೆಂಟ್ ಊರಿನ ಶಾಖೆಗೆ, 10 ಸೆಂಟ್ ನ್ಯೂಯಾರ್ಕ್‌ನ ಮುಖ್ಯ ಕಚೇರಿಗೆ. ಕಾಯಿಲೆ ಬಿದ್ದರೆ ಶಾಖೆ ನೋಡಿಕೊಳ್ಳುತ್ತಿತ್ತು. ಸತ್ತರೆ ಮಣ್ಣಿನ ಖರ್ಚಿಗೆ 75 ಡಾಲರ್. ಬಿಳಿಯರ ವಿಮಾ ಕಂಪನಿಗಳು ಹತ್ತಿರ ಸೇರಿಸದ ಜನಕ್ಕೆ ಇದು ಸಣ್ಣ ಮಾತಲ್ಲ.

ಊರಿನ ಶಾಖೆಗೆ ಒಂದು ಸಭಾಂಗಣ ಇರುತ್ತಿತ್ತು. ಎಲ್ಲಕ್ಕೂ ಒಂದೇ ಹೆಸರು, ಲಿಬರ್ಟಿ ಹಾಲ್. ಹಾರ್ಲೆಮ್‌ನದ್ದು 138ನೇ ಬೀದಿಯಲ್ಲಿತ್ತು. ತಗ್ಗು ಚಾವಣಿಯ, ಉದ್ದನೆಯ ಕಟ್ಟಡ. ಭಾನುವಾರ ಸಂಜೆ ಬ್ಯಾಂಡು, ಹಾಡು, ಭಾಷಣ. ಉಳಿದ ದಿನ ಮದುವೆ, ನೃತ್ಯ, ಕೆಲಸ ಹುಡುಕುವವರಿಗೆ ಮಾಹಿತಿ. ಗಾರ್ವೆ ಭಾಷಣಗಳ ಪುಸ್ತಕ ಓದಿ ಈ ಚಳವಳಿ ಅರ್ಥವಾಯಿತು ಅಂದುಕೊಳ್ಳುವವರು ಈ ಸಭಾಂಗಣಗಳನ್ನು ಮರೆಯುತ್ತಾರೆ.

ನಿಜವಾಗಿ ಎಷ್ಟು ಜನ ಇದ್ದರು? ಒಂದೊಂದು ಕಡೆ ಒಂದೊಂದು ನಂಬರ್ ಇದೆ

ಗಾರ್ವೆ ಲಕ್ಷಗಳಲ್ಲಿ ಹೇಳುತ್ತಿದ್ದರು, ನಲವತ್ತು ಲಕ್ಷ, ಅರವತ್ತು ಲಕ್ಷ ಅಂತ. ವಿರೋಧಿಗಳು ವಂತಿಗೆ ಕಟ್ಟಿದವರನ್ನಷ್ಟೇ ಎಣಿಸಿ ಇಪ್ಪತ್ತು ಸಾವಿರವೂ ಇಲ್ಲ ಎಂದರು. ಶಾಖೆಗಳ ಲೆಕ್ಕ ಹೆಚ್ಚು ನಂಬಬಹುದಾದದ್ದು. ಅಮೆರಿಕದ 38 ರಾಜ್ಯಗಳಲ್ಲಿ 700ಕ್ಕೂ ಹೆಚ್ಚು ಶಾಖೆಗಳಿದ್ದವು. ಹೊರಗೆ ಕ್ಯೂಬಾ ಒಂದರಲ್ಲೇ ಐವತ್ತರ ಮೇಲೆ. ಹಾರ್ಲೆಮ್‌ನ ಫೋಟೋಗಳನ್ನೇ ನೋಡಿ ಇದು ನಗರದ ಚಳವಳಿ ಎಂದುಕೊಳ್ಳಬೇಡಿ. ಲೂಸಿಯಾನಾ, ಮಿಸಿಸಿಪಿಯ ಹತ್ತಿ ಬೆಳೆಯುವ ಹಳ್ಳಿಗಳಲ್ಲೂ ಶಾಖೆಗಳಿದ್ದವು.

ಆ ಪತ್ರಿಕೆಯನ್ನು ಬ್ರಿಟಿಷರು ಬ್ಯಾನ್ ಮಾಡಿದ್ದು ನಿಜಾನಾ?

ನಿಜ. 'ನೀಗ್ರೋ ವರ್ಲ್ಡ್' 1918ರ ಆಗಸ್ಟ್‌ನಲ್ಲಿ ಶುರುವಾದ ವಾರಪತ್ರಿಕೆ. ಮೊದಲ ಪುಟದಲ್ಲಿ ಗಾರ್ವೆಯ ಪತ್ರ. ಇಂಗ್ಲಿಷ್ ಜೊತೆ ಆಮೇಲೆ ಸ್ಪ್ಯಾನಿಷ್, ಫ್ರೆಂಚ್ ಪುಟಗಳೂ ಸೇರಿದವು, ಯಾಕೆಂದರೆ ಓದುಗರು ಕ್ಯೂಬಾ, ಪನಾಮ, ಹೈಟಿಯಲ್ಲಿಯೂ ಇದ್ದರು. ಕೆರಿಬಿಯನ್ ಮತ್ತು ಆಫ್ರಿಕಾದ ಹಲವು ವಸಾಹತುಗಳಲ್ಲಿ ಅದನ್ನು ಇಟ್ಟುಕೊಂಡರೂ ಕೇಸು. ಆದರೂ ಬರುತ್ತಿತ್ತು. ಕಪ್ಪು ನಾವಿಕರು ಬಂಡಲ್ ಕಟ್ಟಿ ಸಾಮಾನಿನ ನಡುವೆ ಇಟ್ಟು ಬಂದರಿನಿಂದ ಬಂದರಿಗೆ ದಾಟಿಸುತ್ತಿದ್ದರು. ಓದು ಬರದವರಿಗೆ ಓದು ಬರುವವರು ಓದಿ ಹೇಳುತ್ತಿದ್ದರು. ಹಾಗಾಗಿ ಎಷ್ಟು ಪ್ರತಿ ಅಚ್ಚಾಯಿತು ಎಂಬ ಲೆಕ್ಕದಿಂದ ಎಷ್ಟು ಜನಕ್ಕೆ ಮುಟ್ಟಿತು ಎಂದು ಹೇಳಲು ಬರುವುದಿಲ್ಲ.

ಆ ಯೂನಿಫಾರ್ಮು, ಗರಿ ಸಿಕ್ಕಿಸಿದ ಟೋಪಿ ಎಲ್ಲ ನೋಡಿದರೆ ನಾಟಕ ಕಂಪನಿ ಥರ ಕಾಣುತ್ತಲ್ಲ?

ಆಗಲೂ ಹಾಗೆ ನಕ್ಕವರಿದ್ದರು. 1920ರ ಆಗಸ್ಟ್ ಪೂರ್ತಿ ನ್ಯೂಯಾರ್ಕ್‌ನಲ್ಲಿ ಸಂಘದ ಮಹಾ ಅಧಿವೇಶನ ನಡೆಯಿತು. ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಸುಮಾರು 25,000 ಜನ. ಹಾರ್ಲೆಮ್ ಬೀದಿಯಲ್ಲಿ ಮೆರವಣಿಗೆ: ಸಮವಸ್ತ್ರದ ಆಫ್ರಿಕನ್ ಲೀಜನ್, ಬಿಳಿ ಉಡುಪಿನ ಬ್ಲ್ಯಾಕ್ ಕ್ರಾಸ್ ನರ್ಸುಗಳು, ಬ್ಯಾಂಡುಗಳು. ಗಾರ್ವೆಯನ್ನು 'ಆಫ್ರಿಕಾದ ಹಂಗಾಮಿ ಅಧ್ಯಕ್ಷ' ಎಂದು ಆರಿಸಿದರು. ಆಫ್ರಿಕಾದ ನೆಲ ಮೆಟ್ಟದ ಮನುಷ್ಯನಿಗೆ ಈ ಬಿರುದು! ನನಗೂ ನಗು ಬರುತ್ತದೆ.

ಆದರೆ ಆ ಲೀಜನ್‌ನಲ್ಲಿ ನಡೆದವರು ಯಾರು ಎಂದು ಯೋಚಿಸಿ. ಇಡೀ ವಾರ ಲಿಫ್ಟ್ ಬಾಗಿಲು ತೆಗೆಯುವವನು, ರೈಲಿನ ಪೋರ್ಟರ್, ಹೋಟೆಲಿನಲ್ಲಿ ತಟ್ಟೆ ತೊಳೆಯುವವನು. ಅವರೂ ಯೂನಿಫಾರ್ಮ್ ಹಾಕುತ್ತಿದ್ದರು, ಆದರೆ ಇನ್ನೊಬ್ಬರ ಸೇವೆಗೆ. ಭಾನುವಾರದ ಯೂನಿಫಾರ್ಮಿನ ಗತ್ತು ಬೇರೆಯೇ.

ಕೆಂಪು, ಕಪ್ಪು, ಹಸಿರು ಬಣ್ಣಗಳಿಗೆ ಅರ್ಥ ಏನು?

1920ರ ಅದೇ ಘೋಷಣೆಯಲ್ಲಿ ಬಂದ ಬಣ್ಣಗಳು. ಕೆಂಪು ಸುರಿಸಿದ ರಕ್ತಕ್ಕೆ, ಕಪ್ಪು ಮೈಬಣ್ಣಕ್ಕೆ, ಹಸಿರು ಆಫ್ರಿಕಾದ ನೆಲದ ಸೊಂಪಿಗೆ. 1900ರ ಸುಮಾರಿಗೆ 'ಎಲ್ಲ ಜನಾಂಗಕ್ಕೂ ಬಾವುಟ ಇದೆ, ಇವರಿಗೆ ಮಾತ್ರ ಇಲ್ಲ' ಎಂದು ಗೇಲಿ ಮಾಡುವ ಹಾಡೊಂದು ಅಮೆರಿಕದಲ್ಲಿ ಓಡುತ್ತಿತ್ತು. ಅದಕ್ಕೆ ಕೊಟ್ಟ ಉತ್ತರ ಇದು.

ಹೆಂಗಸರು ಎಲ್ಲಿದ್ದರು ಇದರಲ್ಲಿ?

ಎಲ್ಲ ಕಡೆ. ಸಂಘದ ನಿಯಮದಲ್ಲೇ ಪ್ರತಿ ಶಾಖೆಗೆ ಒಬ್ಬ ಮಹಿಳಾ ಅಧ್ಯಕ್ಷೆ ಇರಬೇಕಿತ್ತು. ಹೆನ್ರಿಯೆಟಾ ವಿಂಟನ್ ಡೇವಿಸ್ ರಂಗನಟಿ. ಆ ಕಂಠ ಇಟ್ಟುಕೊಂಡು ಊರೂರು ಸುತ್ತಿ ಷೇರು ಮಾರಿದರು, ಹಡಗು ಕಂಪನಿಯ ನಿರ್ದೇಶಕರಾದರು. ಗಾರ್ವೆಯ ಎರಡನೇ ಹೆಂಡತಿ ಏಮಿ ಜಾಕ್ಸ್ ಗಾರ್ವೆ ಪತ್ರಿಕೆಯಲ್ಲಿ 1924ರಿಂದ 1927ರವರೆಗೆ ಮಹಿಳೆಯರ ಪುಟ ನಡೆಸಿದರು. ಗಂಡ ಜೈಲಿನಲ್ಲಿದ್ದಾಗ ಸಂಘ ಉಸಿರಾಡಿದ್ದು ಈಕೆಯಿಂದ. ಈಜಿಪ್ಟ್, ಚೀನಾ, ಭಾರತದ ಹೆಂಗಸರ ಸುದ್ದಿ ಹಾಕುತ್ತಿದ್ದರು, ಮತ್ತು ನಮ್ಮ ಗಂಡಸರು ಬರೀ ಮಾತಾಡುತ್ತಾರೆ ಎಂದು ಮುಲಾಜಿಲ್ಲದೆ ಬರೆಯುತ್ತಿದ್ದರು. ಅಂದ ಮಾತ್ರಕ್ಕೆ ಸಮಾನತೆ ಇತ್ತು ಅನ್ನಬೇಡಿ. ಕೊನೆಯ ಮಾತು ಗಂಡಸರದ್ದೇ. ಆ ಬಗ್ಗೆ 1922ರ ಅಧಿವೇಶನದಲ್ಲಿ ಪ್ರತಿನಿಧಿಯಾಗಿದ್ದ ಹೆಂಗಸರೇ ಎದ್ದು ನಿಂತು ತಕರಾರು ಮಾಡಿದರು.

## ದುಡ್ಡು ಮತ್ತು ಹಡಗು

ಸ್ವಾವಲಂಬನೆ ಸರಿ, ಅದಕ್ಕೆ ಹಡಗೇ ಯಾಕೆ ಬೇಕಿತ್ತು?

ಆಗ ಹಡಗೇ ವಿಮಾನ, ಹಡಗೇ ಲಾರಿ. ಕೆರಿಬಿಯನ್ನಿನ ಬಾಳೆ, ತೆಂಗು ನ್ಯೂಯಾರ್ಕ್‌ಗೆ ಹೋಗಬೇಕಾದರೆ ಬಿಳಿಯರ ಕಂಪನಿಯ ಹಡಗು, ಅವರು ಹೇಳಿದ ಬಾಡಿಗೆ. ಕಪ್ಪು ಪ್ರಯಾಣಿಕ ಟಿಕೆಟ್ ಕೊಟ್ಟರೂ ಒಳ್ಳೆಯ ಕ್ಯಾಬಿನ್ ಸಿಗುತ್ತಿರಲಿಲ್ಲ. ಆಫ್ರಿಕಾ, ಅಮೆರಿಕ, ದ್ವೀಪಗಳ ಕಪ್ಪು ಜನ ತಮ್ಮತಮ್ಮಲ್ಲೇ ವ್ಯಾಪಾರ ಮಾಡಬೇಕೆಂದರೆ ನಡುವೆ ಸಮುದ್ರ ಇದೆ. ಆಗಿನ ದೊಡ್ಡ ಬ್ರಿಟಿಷ್ ಹಡಗು ಕಂಪನಿಯ ಹೆಸರು ವೈಟ್ ಸ್ಟಾರ್ ಲೈನ್, ಟೈಟಾನಿಕ್ ಅವರದ್ದೇ. ಗಾರ್ವೆ ತಮ್ಮ ಕಂಪನಿಗೆ ಬ್ಲ್ಯಾಕ್ ಸ್ಟಾರ್ ಲೈನ್ ಎಂದು ಹೆಸರಿಟ್ಟರು.

ಇದಕ್ಕೂ ನಮಗೂ ನೇರ ಸಂಬಂಧ ಇಲ್ಲ, ಆದರೂ ತೂತ್ತುಕುಡಿ ನೆನಪಾಗುತ್ತದೆ. 1906ರಲ್ಲಿ ವಿ.ಒ. ಚಿದಂಬರಂ ಪಿಳ್ಳೆ ಬ್ರಿಟಿಷ್ ಕಂಪನಿಗೆ ಎದುರಾಗಿ ಸ್ವದೇಶಿ ಹಡಗು ಕಂಪನಿ ಕಟ್ಟಿದ್ದು ಅಲ್ಲಿಯೇ.

ಷೇರು ಕೊಂಡವರು ಯಾರು? ಶ್ರೀಮಂತರಾ?

ಇಲ್ಲ, ಅದೇ ಇದರ ವಿಶೇಷ. ಕಂಪನಿ 1919ರ ಜೂನ್‌ನಲ್ಲಿ ಡೆಲವೇರ್ ರಾಜ್ಯದಲ್ಲಿ ನೋಂದಣಿಯಾಯಿತು. ಮೊದಲ ಬಂಡವಾಳದ ಗುರಿ 5 ಲಕ್ಷ ಡಾಲರ್. ಒಂದು ಷೇರಿಗೆ 5 ಡಾಲರ್, ಒಬ್ಬರಿಗೆ ಹೆಚ್ಚೆಂದರೆ 200 ಷೇರು. ಯಾರೋ ಒಬ್ಬ ಸಾಹುಕಾರ ಕಂಪನಿ ನುಂಗಬಾರದು ಅಂತ ಈ ಮಿತಿ. ಕೊಂಡವರು ಮನೆಗೆಲಸದ ಹೆಂಗಸರು, ಅಡುಗೆಯವರು, ಪನಾಮ ಕಾಲುವೆಯಲ್ಲಿ ಮಣ್ಣು ಹೊತ್ತವರು, ಕ್ಯೂಬಾದ ಕಬ್ಬಿನ ಕೂಲಿಗಳು. ಸಭೆ ಮುಗಿದ ಮೇಲೆ ಸಾಲು ನಿಂತು ಕರವಸ್ತ್ರದ ಗಂಟು ಬಿಚ್ಚಿ ಕೊಡುತ್ತಿದ್ದರು. ಒಟ್ಟು ಬಂದದ್ದು ಸುಮಾರು ಏಳೂವರೆ ಲಕ್ಷ ಡಾಲರ್.

ಷೇರು ಪತ್ರವೂ ಚೆಂದ ಅಚ್ಚಾದ ಕಾಗದ, ಅದರಲ್ಲಿ ಭೂಗೋಳದ ಚಿತ್ರ, ಆಫ್ರಿಕಾ ಎದ್ದು ಕಾಣುವ ಹಾಗೆ. ನಮ್ಮಲ್ಲಿ ಚೀಟಿ ಹಾಕುವವರಿಗೆ ಈ ಲೆಕ್ಕ ಬೇಗ ಅರ್ಥವಾಗುತ್ತದೆ. ದುಡ್ಡು ಬರುವುದು ಒಂದು ಕಡೆ, ನಂಬಿಕೆ ಒಂದು ಕಡೆ. ಚೀಟಿ ಮುಳುಗಿದರೆ ಎರಡೂ ಹೋಗುತ್ತವೆ.

ಹಡಗುಗಳಿಗೆ ಕೊನೆಗೆ ಏನಾಯಿತು?

ಒಂದೊಂದಾಗಿ ಹೇಳುತ್ತೇನೆ.

ಮೊದಲ ಹಡಗು ಯಾರ್ಮತ್. 1887ರಲ್ಲಿ ಕಟ್ಟಿದ್ದು, ಗಾರ್ವೆಯಷ್ಟೇ ವಯಸ್ಸು. ಯುದ್ಧದಲ್ಲಿ ಕಲ್ಲಿದ್ದಲು ಹೊತ್ತು ಸುಸ್ತಾದ ಹಡಗಿಗೆ 1,65,000 ಡಾಲರ್ ಕೊಟ್ಟರು. ಯುದ್ಧ ಆಗಷ್ಟೇ ಮುಗಿದು ಹಡಗಿನ ಬೆಲೆ ಆಕಾಶದಲ್ಲಿತ್ತು. ಖರೀದಿ ಮಾಡಿಸಿದ ಕ್ಯಾಪ್ಟನ್‌ಗೂ ಬ್ರೋಕರ್ ಕಡೆಯಿಂದ ಕಮಿಷನ್ ಹೋಗಿತ್ತು ಎಂಬುದು ಆಮೇಲೆ ಕೋರ್ಟಿನಲ್ಲಿ ಹೊರಬಿತ್ತು.

1920ರ ಜನವರಿ. ಅಮೆರಿಕದಲ್ಲಿ ಪಾನನಿಷೇಧ ಜಾರಿಗೆ ಬರುವ ವಾರ. ವ್ಯಾಪಾರಿಗಳಿಗೆ ವಿಸ್ಕಿಯನ್ನು ಬೇಗ ದೇಶದಾಚೆ ಸಾಗಿಸುವ ಆತುರ. ಯಾರ್ಮತ್ ಖರ್ಚಿಗೂ ಸಾಲದ ಬಾಡಿಗೆಗೆ ವಿಸ್ಕಿ ತುಂಬಿಕೊಂಡು ಕ್ಯೂಬಾಗೆ ಹೊರಟಿತು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಒಂದು ಕಡೆ ವಾಲಿತು. ಪೆಟ್ಟಿಗೆಗಳನ್ನು ಸಮುದ್ರಕ್ಕೆ ಎಸೆದರು. ಎಸೆದದ್ದನ್ನು ಎತ್ತಿಕೊಳ್ಳಲು ಸಣ್ಣ ದೋಣಿಗಳು ಬಂದವು. ಉಳಿದದ್ದರಲ್ಲಿ ಸ್ವಲ್ಪ ಹಡಗಿನವರ ಹೊಟ್ಟೆ ಸೇರಿತು. ನಷ್ಟದ ಪರಿಹಾರ ಕಂಪನಿಯ ತಲೆಗೆ.

ಆದರೆ ಹವಾನಾ ತಲುಪಿದಾಗ? ಜನ ದೋಣಿಗಳಲ್ಲಿ ಬಂದು ಹೂವು, ಹಣ್ಣು ಎಸೆದರು. ಪನಾಮದ ಕೊಲೋನ್‌ನಲ್ಲಿ ಬಂದರು ತುಂಬ ಜನ. ಕಪ್ಪು ಅಧಿಕಾರಿಗಳು ನಡೆಸುವ ಹಡಗನ್ನು ಅವರು ಹುಟ್ಟಿದಾರಭ್ಯ ನೋಡಿರಲಿಲ್ಲ. ಹ್ಯೂ ಮುಲ್ಝಾಕ್ ಅದರ ಒಬ್ಬ ಅಧಿಕಾರಿ. ಕ್ಯಾಪ್ಟನ್ ಆಗುವ ಲೈಸೆನ್ಸ್ ಇತ್ತು, ಆದರೆ ಕಪ್ಪು ಮನುಷ್ಯನಿಗೆ ಅಮೆರಿಕದ ಬೇರೆ ಯಾವ ಕಂಪನಿಯೂ ಆ ಕೆಲಸ ಕೊಡುತ್ತಿರಲಿಲ್ಲ. ಆತ ದೊಡ್ಡ ಹಡಗಿನ ಕ್ಯಾಪ್ಟನ್ ಆದದ್ದು 1942ರಲ್ಲಿ, ಎರಡನೇ ಮಹಾಯುದ್ಧ ಬಂದ ಮೇಲೆ.

ಇನ್ನೊಂದು ಸಲ ಯಾರ್ಮತ್ ಜಮೈಕಾದಿಂದ 700 ಟನ್ ತೆಂಗಿನಕಾಯಿ ತುಂಬಿಕೊಂಡು ನ್ಯೂಯಾರ್ಕ್‌ಗೆ ಹೊರಟಿತ್ತು. ದಾರಿಯಲ್ಲಿ ಫಿಲಡೆಲ್ಫಿಯಾ, ಬಾಸ್ಟನ್‌ನಲ್ಲಿ ನಿಲ್ಲಿಸಿ, ಜನಕ್ಕೆ ಹಡಗು ತೋರಿಸಿ ಷೇರು ಮಾರೋಣ ಎಂದು ಕಚೇರಿಯಿಂದ ಅಪ್ಪಣೆ. ನಿಲ್ಲಿಸಿದರು, ತೋರಿಸಿದರು. ಕಾಯಿ ಕೊಳೆಯಿತು. ಇಡೀ ಕಂಪನಿಯ ಕಥೆ ಈ ಕಾಯಿಯ ಮೂಟೆಯಲ್ಲಿದೆ ಎಂದು ನನಗೆ ಯಾವಾಗಲೂ ಅನಿಸುತ್ತದೆ. ಹಡಗು ಸರಕಿಗೋ, ಸಭೆಗೋ ಎಂದು ಅವರು ಕೊನೆವರೆಗೂ ತೀರ್ಮಾನ ಮಾಡಲಿಲ್ಲ. 1921ರ ಕೊನೆಗೆ ಯಾರ್ಮತ್ ಗುಜರಿಗೆ ಹೋಯಿತು, 1,625 ಡಾಲರಿಗೆ.

ಎರಡನೆಯದು ಶೇಡಿಸೈಡ್. ಹಡ್ಸನ್ ನದಿಯಲ್ಲಿ ಜನರನ್ನು ವಿಹಾರಕ್ಕೆ ಕರೆದೊಯ್ಯುವ ಹಳೆಯ ಬೋಟು. ಒಂದು ಬೇಸಿಗೆ ಓಡಿತು, ಚಳಿಗಾಲದ ಹಿಮಗಾಳಿಗೆ ಸಿಕ್ಕಿ ಮುಳುಗಿತು. ಮೂರನೆಯದು ಕನಾವಾ, ಒಬ್ಬ ತೈಲ ಕುಬೇರನ ವಿಹಾರ ನೌಕೆಯಾಗಿತ್ತು. ಬಾಯ್ಲರ್ ಒಡೆದು ಒಬ್ಬ ಸತ್ತ. ದುರಸ್ತಿಯ ಮೇಲೆ ದುರಸ್ತಿ ಮಾಡಿಸಿ ಕೊನೆಗೆ ಕ್ಯೂಬಾದಲ್ಲಿ ಬಿಟ್ಟು ಬಂದರು. ನಾಲ್ಕನೆಯದು ಆಫ್ರಿಕಾಗೆ ಹೋಗಬೇಕಾದ ದೊಡ್ಡ ಹಡಗು. ಅದು ಕೈಗೆ ಬರಲೇ ಇಲ್ಲ.

ಬರೀ ಹಡಗೇನಾ, ಬೇರೆ ವ್ಯಾಪಾರ ಇರಲಿಲ್ವಾ?

ಇತ್ತು. ನೀಗ್ರೋ ಫ್ಯಾಕ್ಟರೀಸ್ ಕಾರ್ಪೊರೇಷನ್ ಎಂಬ ಇನ್ನೊಂದು ಕಂಪನಿ ದಿನಸಿ ಅಂಗಡಿಗಳು, ಹೋಟೆಲು, ಉಗಿಯಲ್ಲಿ ಬಟ್ಟೆ ಒಗೆಯುವ ಲಾಂಡ್ರಿ, ಟೈಲರಿಂಗ್, ಟೋಪಿ ಅಂಗಡಿ, ಅಚ್ಚುಕೂಟ ನಡೆಸಿತು. ಕಪ್ಪು ಗೊಂಬೆಗಳನ್ನೂ ಮಾರಿದರು. ಸಣ್ಣ ಬಂಡವಾಳ, ಅನುಭವ ಇಲ್ಲದ ಮ್ಯಾನೇಜರುಗಳು, ಹಡಗಿನ ಕಂಪನಿ ಎಲ್ಲ ದುಡ್ಡನ್ನೂ ಎಳೆದುಕೊಂಡದ್ದು ಸೇರಿ ಇವೂ ಬಾಳಲಿಲ್ಲ. ಅಲ್ಲಿ ಕೆಲಸ ಕಲಿತವರು ಮಾತ್ರ ಬೇರೆ ಕಡೆ ಅಂಗಡಿ ಇಟ್ಟುಕೊಂಡರು.

ನೇರವಾಗಿ ಹೇಳಿ: ಗಾರ್ವೆ ಮೋಸ ಮಾಡಿದ್ರಾ?

ನನ್ನ ಲೆಕ್ಕದಲ್ಲಿ ಇಲ್ಲ. ವ್ಯಾಪಾರ ಹಾಳು ಮಾಡಿದರು, ಅದು ಬೇರೆ.

1922ರ ಜನವರಿಯಲ್ಲಿ ಅಂಚೆ ಮೂಲಕ ವಂಚನೆ ಎಂಬ ಕೇಸು ಹಾಕಿದರು. ಇನ್ನೂ ಕೈಗೆ ಬರದ ಹಡಗಿನ ಚಿತ್ರವನ್ನು ಜಾಹೀರಾತಿನಲ್ಲಿ ಹಾಕಿ, ಅದರ ಮೇಲೆ ತಮ್ಮ ಹೆಸರು ಬರೆದು ಷೇರು ಮಾರಿದರು ಎಂಬುದು ಆರೋಪ. ಹಾಗೆ ಹಾಕಿದ್ದು ನಿಜ, ತಪ್ಪೂ ಹೌದು. 1923ರಲ್ಲಿ ವಿಚಾರಣೆ. ಗಾರ್ವೆ ವಕೀಲರನ್ನು ಕೈಬಿಟ್ಟು ತಾವೇ ವಾದ ಮಾಡಿದರು. ಅದು ಇನ್ನೊಂದು ತಪ್ಪು. ಕೊನೆಗೆ ಶಿಕ್ಷೆಯಾದದ್ದು ಒಂದೇ ಒಂದು ಆರೋಪದ ಮೇಲೆ. ಸಾಕ್ಷಿ ಏನು ಗೊತ್ತಾ? ಬೆನ್ನಿ ಡ್ಯಾನ್ಸಿ ಎಂಬುವನಿಗೆ ಬಂದ, ಕಂಪನಿಯ ಮುದ್ರೆ ಇದ್ದ ಖಾಲಿ ಲಕೋಟೆ. ಒಳಗೆ ಏನಿತ್ತು ಎಂದು ಅವನಿಗೇ ಸರಿಯಾಗಿ ನೆನಪಿರಲಿಲ್ಲ. ಜೊತೆಯ ಮೂವರು ಅಧಿಕಾರಿಗಳು ಬಿಡುಗಡೆಯಾದರು. ಗಾರ್ವೆಗೆ 5 ವರ್ಷ ಜೈಲು, 1,000 ಡಾಲರ್ ದಂಡ.

ಇದರ ಹಿಂದೆ ಇನ್ನೊಂದು ಕಥೆ ಇದೆ. 1919ರಲ್ಲೇ ಅಮೆರಿಕದ ನ್ಯಾಯ ಇಲಾಖೆಯ ಜೆ. ಎಡ್ಗರ್ ಹೂವರ್ ಎಂಬ ಯುವ ಅಧಿಕಾರಿ, ಈ ಮನುಷ್ಯನನ್ನು ಗಡೀಪಾರು ಮಾಡಲು ಸದ್ಯಕ್ಕೆ ಯಾವ ಕಾನೂನೂ ಮುರಿದಿಲ್ಲವಲ್ಲ ಎಂದು ಬೇಸರದಿಂದ ಟಿಪ್ಪಣಿ ಬರೆದಿದ್ದ. ಸಂಘದೊಳಗೆ ಗೂಢಚಾರರನ್ನು ಬಿಟ್ಟಿದ್ದರು. ಆ ಇಲಾಖೆಯ ತನಿಖಾ ದಳದ (ಮುಂದೆ ಎಫ್‌ಬಿಐ ಆದದ್ದು) ಮೊದಲ ಕಪ್ಪು ಏಜೆಂಟ್ ಜೇಮ್ಸ್ ವರ್ಮ್ಲಿ ಜೋನ್ಸ್ ಅವರಲ್ಲೊಬ್ಬ. ಮೊದಲು ಮನುಷ್ಯನನ್ನು ಆರಿಸಿ ಆಮೇಲೆ ಅಪರಾಧ ಹುಡುಕಿದ್ದಾರೆ. 2025ರ ಜನವರಿ 19ರಂದು ಅಧ್ಯಕ್ಷ ಬೈಡನ್ ಮರಣೋತ್ತರವಾಗಿ ಕ್ಷಮಾದಾನ ಕೊಟ್ಟರು. ಷೇರು ಕೊಂಡ ಅಡುಗೆಯವರಿಗೆ, ಕೂಲಿಗಳಿಗೆ ಒಂದು ಡಾಲರೂ ಲಾಭ ಬರಲಿಲ್ಲ. ಗಾರ್ವೆಯನ್ನು ಹೊಗಳುವಾಗ ಅದನ್ನು ನುಂಗಿಕೊಳ್ಳುವ ಅಭ್ಯಾಸ ನನಗೆ ಇಷ್ಟವಿಲ್ಲ.

## ಸ್ವಲ್ಪ ಕಷ್ಟದ ಪ್ರಶ್ನೆಗಳು

ಕು ಕ್ಲಕ್ಸ್ ಕ್ಲಾನ್ ನಾಯಕನ ಜೊತೆ ಕೂತು ಮಾತಾಡಿದ್ದು ಯಾಕೆ?

1922ರ ಜೂನ್‌ನಲ್ಲಿ ಅಟ್ಲಾಂಟಾದಲ್ಲಿ, ಬಿಳಿಯರ ಮೇಲುಗೈ ಸಾರುವ ಹಿಂಸಾತ್ಮಕ ಗುಂಪಾದ ಕ್ಲಾನ್‌ನ ಆಗಿನ ಹಂಗಾಮಿ ಮುಖ್ಯಸ್ಥ ಎಡ್ವರ್ಡ್ ಯಂಗ್ ಕ್ಲಾರ್ಕ್‌ನನ್ನು ಭೇಟಿಯಾದರು. ಅವರ ವಾದ ಹೀಗಿತ್ತು: ಕ್ಲಾನ್ ಮನಸ್ಸಿನಲ್ಲಿರುವುದನ್ನು ಬಾಯಲ್ಲಿ ಹೇಳುತ್ತದೆ, ಉಳಿದ ಬಿಳಿಯರು ಹೇಳುವುದಿಲ್ಲ. ಅಮೆರಿಕ ಬಿಳಿಯರ ದೇಶವಾಗಿಯೇ ಇರುತ್ತದೆ ಎಂದು ಒಪ್ಪಿಕೊಂಡು ನಮ್ಮ ದಾರಿ ನಾವು ನೋಡಿಕೊಳ್ಳೋಣ. ದಕ್ಷಿಣದಲ್ಲಿ ಸಂಘದ ಶಾಖೆಗಳಿಗೆ ತೊಂದರೆ ಆಗದಿರಲಿ ಎಂಬ ಲೆಕ್ಕವೂ ಇದ್ದಿರಬಹುದು. ಜನರನ್ನು ಮರಕ್ಕೆ ನೇತುಹಾಕುತ್ತಿದ್ದವರ ಜೊತೆ ಕೂತದ್ದನ್ನು ಸ್ವಂತ ಜನವೇ ಕ್ಷಮಿಸಲಿಲ್ಲ. ಕಪ್ಪು ಸಮಾಜವಾದಿ ನಾಯಕ ಎ. ಫಿಲಿಪ್ ರ‍್ಯಾಂಡಾಲ್ಫ್ ಮತ್ತು ಗೆಳೆಯರು 'ಗಾರ್ವೆ ತೊಲಗಲಿ' ಎಂದು ಅಭಿಯಾನ ನಡೆಸಿದರು. ಜನಾಂಗ ಬೆರೆಯಬಾರದು ಎಂಬ ನಿಲುವನ್ನು ಕೊನೆವರೆಗೂ ಎಳೆದರೆ ಅದು ಇಂಥ ಮನೆ ಬಾಗಿಲಿಗೇ ತಂದು ನಿಲ್ಲಿಸುತ್ತದೆ. ಇದನ್ನು ಆಕಸ್ಮಿಕ ಎಂದು ತಳ್ಳಿಹಾಕಲು ನನಗೆ ಆಗುವುದಿಲ್ಲ.

ಡುಬೋಯ್ಸ್ ಕೂಡ ಪ್ಯಾನ್-ಆಫ್ರಿಕನ್ ಅಂತಾರೆ. ಮತ್ತೆ ಇಬ್ಬರಿಗೂ ಯಾಕೆ ಆಗಿಬರಲಿಲ್ಲ?

ಡಬ್ಲ್ಯು.ಇ.ಬಿ. ಡುಬೋಯ್ಸ್ ಅಮೆರಿಕದ ಕಪ್ಪು ವಿದ್ವಾಂಸರು, ಹಾರ್ವರ್ಡ್‌ನಲ್ಲಿ ಡಾಕ್ಟರೇಟ್ ಪಡೆದವರು. 1919ರಲ್ಲಿ ಪ್ಯಾರಿಸ್‌ನಲ್ಲಿ ಅವರು ಸೇರಿಸಿದ ಪ್ಯಾನ್-ಆಫ್ರಿಕನ್ ಕಾಂಗ್ರೆಸ್‌ಗೆ ಬಂದವರು 57 ಪ್ರತಿನಿಧಿಗಳು. ಓದಿದವರು, ಮನವಿ ಬರೆಯುವವರು. ಗಾರ್ವೆಯದ್ದು ಬೀದಿ. ಮೊದಲಿಗೆ ಡುಬೋಯ್ಸ್ ತೂಕವಾಗಿಯೇ ಬರೆದರು: ಮನುಷ್ಯ ಪ್ರಾಮಾಣಿಕ, ವ್ಯಾಪಾರ ಗೊತ್ತಿಲ್ಲ ಎಂದು. ಆಮೇಲೆ ಮಾತು ಕೆಟ್ಟಿತು. ಗಾರ್ವೆ ಅವರ ತಿಳಿ ಮೈಬಣ್ಣವನ್ನೇ ಆಡಿಕೊಂಡರು. ಜಮೈಕಾದಲ್ಲಿ ಬಿಳಿಯರು, ಮಿಶ್ರರು, ಕಪ್ಪು ಜನ ಎಂಬ ಮೂರು ಮೆಟ್ಟಿಲಿನ ಸಮಾಜದಲ್ಲಿ ಬೆಳೆದವರಿಗೆ ನಡುವಿನ ಮೆಟ್ಟಿಲಿನವರ ಮೇಲೆ ಸಿಟ್ಟು ಇತ್ತು. ಡುಬೋಯ್ಸ್ ಕೂಡ 1924ರಲ್ಲಿ, ಈತ ಹುಚ್ಚನೋ ದ್ರೋಹಿಯೋ ಎರಡರಲ್ಲೊಂದು ಎಂದು ಬರೆದುಬಿಟ್ಟರು.

ಒಂದು ವಿಚಿತ್ರ ನೋಡಿ. ಆಫ್ರಿಕಾ ಆಫ್ರಿಕಾ ಎಂದ ಗಾರ್ವೆಗೆ ಅಲ್ಲಿಗೆ ಒಮ್ಮೆಯೂ ಹೋಗಲಾಗಲಿಲ್ಲ. ಅವರನ್ನು ವಿರೋಧಿಸಿದ ಡುಬೋಯ್ಸ್ ತೊಂಬತ್ತು ದಾಟಿದ ಮೇಲೆ ಘಾನಾಗೆ ಹೋಗಿ ನೆಲೆಸಿ 1963ರಲ್ಲಿ ಅಲ್ಲಿಯೇ ಮಣ್ಣಾದರು.

ಎಲ್ಲ ಕಪ್ಪು ಜನರೂ ಆಫ್ರಿಕಾಗೆ ವಾಪಸ್ ಹೋಗಬೇಕು ಅಂತಲಾ ಅವರು ಹೇಳಿದ್ದು?

ಎಲ್ಲರೂ ಅಂತ ಹೇಳಲಿಲ್ಲ. ಕೆಲಸ ಬಲ್ಲ ಒಂದಷ್ಟು ಜನ ಹೋಗಿ ಒಂದು ಬಲವಾದ ದೇಶ ಕಟ್ಟಬೇಕು, ಆಗ ಎಲ್ಲಿರುವ ಕಪ್ಪು ಮನುಷ್ಯನಿಗೂ ಬೆಲೆ ಬರುತ್ತದೆ ಎಂಬುದು ಯೋಚನೆ. ಜಾಗವಾಗಿ ಆರಿಸಿದ್ದು ಲೈಬೀರಿಯಾ. 1920ರಿಂದ ಮಾತುಕತೆ ನಡೆಯಿತು. ಸಂಘದ ಪ್ರತಿನಿಧಿ ಎಲೀ ಗಾರ್ಸಿಯಾ ಹೋಗಿ ಬಂದು, ಅಲ್ಲಿ ಆಳುತ್ತಿರುವ ಅಮೆರಿಕ ಮೂಲದ ಕುಟುಂಬಗಳು ಸ್ಥಳೀಯ ಜನರನ್ನು ಆಳುಗಳ ಹಾಗೆ ನಡೆಸಿಕೊಳ್ಳುತ್ತವೆ ಎಂದು ಗುಟ್ಟಾಗಿ ವರದಿ ಕೊಟ್ಟ. ಆ ವರದಿ ಲೈಬೀರಿಯಾ ಸರ್ಕಾರದ ಕೈಗೇ ಸಿಕ್ಕಿತು. ಸುತ್ತ ಬ್ರಿಟಿಷ್, ಫ್ರೆಂಚ್ ವಸಾಹತುಗಳ ಹೆದರಿಕೆ ಬೇರೆ. 1924ರಲ್ಲಿ ಬಾಗಿಲು ಹಾಕಿದರು. 1926ರಲ್ಲಿ ಅದೇ ಲೈಬೀರಿಯಾ ಫೈರ್‌ಸ್ಟೋನ್ ಎಂಬ ಅಮೆರಿಕದ ಟೈರ್ ಕಂಪನಿಗೆ ರಬ್ಬರ್ ಬೆಳೆಯಲು 10 ಲಕ್ಷ ಎಕರೆವರೆಗೆ ಭೂಮಿ ಬಿಟ್ಟುಕೊಟ್ಟಿತು. 99 ವರ್ಷದ ಗುತ್ತಿಗೆ, ಎಕರೆಗೆ 6 ಸೆಂಟ್.

ಆಫ್ರಿಕಾದ ಹಳ್ಳಿ ಜನಕ್ಕೆ ಇದೆಲ್ಲ ಗೊತ್ತಿತ್ತಾ?

ಗೊತ್ತಿತ್ತು, ಆದರೆ ಬಾಯಿಮಾತಾಗಿ. ಲಾಗೋಸ್, ಕೇಪ್‌ಟೌನ್‌ನಲ್ಲಿ ಶಾಖೆಗಳಿದ್ದವು. ಬಂದರಿನ ಕೂಲಿಗಳು ಸುದ್ದಿ ಒಳನಾಡಿಗೆ ತಲುಪಿಸಿದರು. ದಕ್ಷಿಣ ಆಫ್ರಿಕಾದ ಟ್ರಾನ್ಸ್‌ಕೈನಲ್ಲಿ 1920ರ ದಶಕದ ಕೊನೆಗೆ ವೆಲಿಂಗ್ಟನ್ ಬುಥೆಲೆಜಿ ಎಂಬಾತ, ಅಮೆರಿಕದ ಕಪ್ಪು ಜನ ವಿಮಾನಗಳಲ್ಲಿ ಬಂದು ನಮ್ಮನ್ನು ಬಿಡಿಸುತ್ತಾರೆ ಎಂದು ಸಾರುತ್ತ ತಿರುಗಿದ. ಜನ ಆಕಾಶ ನೋಡಿದರು. ಹಡಗಿನ ಕಂಪನಿ ಮುಚ್ಚಿ ಆಗಲೇ ವರ್ಷಗಳಾಗಿದ್ದವು.

ಜೈಲಿನ ನಂತರ ಏನಾದರು?

1925ರ ಫೆಬ್ರವರಿಯಲ್ಲಿ ಅಟ್ಲಾಂಟಾ ಜೈಲು ಸೇರಿದರು. 1927ರ ಕೊನೆಗೆ ಅಧ್ಯಕ್ಷ ಕೂಲಿಡ್ಜ್ ಶಿಕ್ಷೆ ಕಡಿಮೆ ಮಾಡಿ, ನ್ಯೂ ಆರ್ಲಿಯನ್ಸ್‌ನಿಂದ ಹಡಗು ಹತ್ತಿಸಿ ಗಡೀಪಾರು ಮಾಡಿದರು. ಜಮೈಕಾದಲ್ಲಿ ಪಕ್ಷ ಕಟ್ಟಿದರು, ಗೆಲ್ಲಲಿಲ್ಲ. 1935ರಲ್ಲಿ ಲಂಡನ್‌ಗೆ ಹೋದರು. 1940ರಲ್ಲಿ ಪಾರ್ಶ್ವವಾಯು ಬಡಿದು ಮಲಗಿದ್ದಾಗ, ಅವರು ಸತ್ತೇಹೋದರೆಂದು ಪತ್ರಿಕೆಗಳು ಬರೆದವು. ತಮ್ಮ ಸಾವಿನ ಸುದ್ದಿಯನ್ನು ತಾವೇ ಓದಿದರು. ಜೂನ್ 10ರಂದು ನಿಜವಾಗಿ ತೀರಿಕೊಂಡರು. 1964ರಲ್ಲಿ ಜಮೈಕಾ ಅವರ ದೇಹವನ್ನು ತರಿಸಿ ದೇಶದ ಮೊದಲ ರಾಷ್ಟ್ರವೀರ ಎಂದು ಘೋಷಿಸಿತು.

ಹಡಗೂ ಮುಳುಗಿತು, ಕಂಪನಿಯೂ ಮುಚ್ಚಿತು. ಉಳಿದದ್ದೇನು?

ಘಾನಾದ ಬಾವುಟದ ನಡುವೆ ಇರುವ ಕಪ್ಪು ನಕ್ಷತ್ರ ನೋಡಿ. ಅಲ್ಲಿನ ಸ್ವಾತಂತ್ರ್ಯ ನಾಯಕ ಎನ್‌ಕ್ರುಮಾ 1957ರಲ್ಲಿ ಸ್ವತಂತ್ರ ಘಾನಾದ ಹಡಗು ಕಂಪನಿಗೂ ಬ್ಲ್ಯಾಕ್ ಸ್ಟಾರ್ ಲೈನ್ ಎಂದೇ ಹೆಸರಿಟ್ಟರು. ಅಮೆರಿಕದ ಕಪ್ಪು ಹೋರಾಟಗಾರ ಮಾಲ್ಕಂ ಎಕ್ಸ್ ಅವರ ತಂದೆತಾಯಿ ಇಬ್ಬರೂ ಸಂಘದ ಕಾರ್ಯಕರ್ತರು, ತಾಯಿ ಶಾಖೆಯ ಸುದ್ದಿಯನ್ನು ಪತ್ರಿಕೆಗೆ ಬರೆದು ಕಳಿಸುತ್ತಿದ್ದರು. ಜಮೈಕಾದ ರಸ್ತಫಾರಿ ಪಂಥದವರಿಗೆ ಗಾರ್ವೆ ಪ್ರವಾದಿ, ಆದರೆ ಆ ಪಂಥದವರು ದೇವರೆಂದು ಪೂಜಿಸುವ ಇಥಿಯೋಪಿಯಾದ ಚಕ್ರವರ್ತಿ ಹೈಲೆ ಸೆಲಾಸಿಯನ್ನು ಗಾರ್ವೆ ಸ್ವತಃ ಟೀಕಿಸಿದ್ದರು.

ಭಾರತಕ್ಕೂ ಇದಕ್ಕೂ ಏನಾದರೂ ನಂಟು ಇತ್ತಾ?

ಇತ್ತು. ಗಾಂಧಿಯ ಚಳವಳಿಯನ್ನು, ಐರ್ಲೆಂಡಿನ ಹೋರಾಟವನ್ನು ಗಾರ್ವೆ ಭಾಷಣಗಳಲ್ಲಿ ಉದಾಹರಣೆ ಕೊಡುತ್ತಿದ್ದರು. ಲಾಲಾ ಲಜಪತ ರಾಯ್ ಯುದ್ಧಕಾಲದಲ್ಲಿ ಅಮೆರಿಕದಲ್ಲಿದ್ದಾಗ ಡುಬೋಯ್ಸ್ ಜೊತೆ ಗೆಳೆತನ ಬೆಳೆಸಿದರು. ಹರಿದಾಸ್ ಮಜುಂದಾರ್ ಎಂಬ ಗಾಂಧಿವಾದಿ ನೀಗ್ರೋ ವರ್ಲ್ಡ್‌ಗೆ ಬರೆಯುತ್ತಿದ್ದರು.

ನನಗೆ ಕುತೂಹಲ ಹುಟ್ಟಿಸುವ ಹೆಸರು ಇನ್ನೊಂದು: ಹುಚ್ಚೇಶ್ವರ ಜಿ. ಮುದಗಲ್. ಹೆಸರು ಓದಿದ ತಕ್ಷಣ ಉತ್ತರ ಕರ್ನಾಟಕದವರ ಕಿವಿ ನೆಟ್ಟಗಾಗುತ್ತದೆ. ಹುಚ್ಚೇಶ್ವರ ಆ ಕಡೆಯ ಮಠದ ಹೆಸರು, ಮುದಗಲ್ ರಾಯಚೂರು ಜಿಲ್ಲೆಯ ಕೋಟೆ ಊರು. ಟ್ರಿನಿಡಾಡ್ ಮೂಲಕ ನ್ಯೂಯಾರ್ಕ್ ಸೇರಿದ ಈತ ನೀಗ್ರೋ ವರ್ಲ್ಡ್‌ನಲ್ಲಿ ವಿದೇಶಾಂಗ ವಿಷಯಗಳ ಅಂಕಣ ಬರೆದರು. 1930ರ ದಶಕದ ಮೊದಲಲ್ಲಿ, ಪತ್ರಿಕೆ ಕೊನೆಯುಸಿರು ಎಳೆಯುತ್ತಿದ್ದಾಗ, ಅದರ ಸಂಪಾದಕರಾದರು. 1932ರಲ್ಲಿ ಗಾರ್ವೆ ಬಗ್ಗೆ ಒಂದು ಪುಸ್ತಿಕೆಯನ್ನೂ ಬರೆದರು. ಅದರ ತಲೆಬರಹ ಒಂದು ಪ್ರಶ್ನೆ: ಕಪ್ಪು ಜನರ ನಿಜವಾದ ಉದ್ಧಾರಕ ಈತನೇನಾ? ಮರು ವರ್ಷ ಪತ್ರಿಕೆ ನಿಂತಿತು.